ಎಲ್‌ಕೆಜಿ ಮಕ್ಕಳ ಮೊದಲ ವಾರ



ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕೇ ಎಂಬ ಚರ್ಚೆ ನಮ್ಮ ರಾಜ್ಯದಲ್ಲಿ ಬಹಳ ದಿನ ನಡೆಯಿತು. ಕೊನೆಗೆ 2025-26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಾದರೆ ಸಾಕು ಎಂದು ಸರ್ಕಾರ ಸಡಿಲಿಸಿತು. ವಯಸ್ಸಿನ ಬಗ್ಗೆ ಇಷ್ಟು ಮಾತಾಡಿದ ನಾವು, ನಾಲ್ಕು ವರ್ಷದ ಮಗು ಮೊದಲ ಸಲ ಮನೆ ಬಿಟ್ಟು ಎಲ್‌ಕೆಜಿಗೆ ಹೋದಾಗ ಏನಾಗುತ್ತದೆ ಎಂದು ಕೇಳಲೇ ಇಲ್ಲ.

ಕಳೆದ ಜೂನ್‌ನಲ್ಲಿ ಮೊಮ್ಮಗಳನ್ನು ಬಿಡಲು ಸೊಸೆಯ ಜೊತೆ ಹೋಗಿದ್ದೆ. ಗೇಟಿನಲ್ಲೇ ಆಯಾ ಮಗುವನ್ನು ಸೊಂಟದಿಂದ ಕಿತ್ತುಕೊಂಡರು. “ನೀವು ನಿಂತ್ರೆ ಇನ್ನೂ ಅಳುತ್ತೆ, ಹೊರಡಿ. ಎರಡು ದಿನಕ್ಕೆ ಸರಿಹೋಗುತ್ತೆ” ಎಂದರು. ಮಧ್ಯಾಹ್ನ ಕರೆತರಲು ಹೋದರೆ ಚಡ್ಡಿ ಒದ್ದೆ, ಡಬ್ಬಿಯ ಚಿತ್ರಾನ್ನ ಹಾಗೇ ಇತ್ತು. ಒಂದಕ್ಕೆ ಬರುತ್ತಿದೆ ಎಂದು ಕನ್ನಡದಲ್ಲಿ ಹೇಳಿದ್ದಳಂತೆ, ಇಂಗ್ಲಿಷಿನಲ್ಲಿ ಕೇಳು ಎಂದರಂತೆ. ಮೂರು ವಾರ ನಿದ್ದೆಯಲ್ಲೂ ಅಮ್ಮನ ಸೆರಗು ಬಿಡಲಿಲ್ಲ.

ನಾನು ಮೂವತ್ತು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. 1975ರಲ್ಲಿ ರಾಜ್ಯದ ಮೊದಲ ಸಮಗ್ರ ಶಿಶು ಅಭಿವೃದ್ಧಿ (ಐಸಿಡಿಎಸ್) ಯೋಜನೆ ಶುರುವಾದದ್ದು ನಮ್ಮ ತಾಲ್ಲೂಕಿನಲ್ಲೇ, ಕೆಲಸ ಕಲಿತದ್ದು ಆ ಕಾಲದ ಹಿರಿಯ ಕಾರ್ಯಕರ್ತೆಯರಿಂದ. ಹೊಸ ಮಗು ಬಂದರೆ ತಾಯಿಯನ್ನೂ ಒಳಗೆ ಕೂರಿಸಿಕೊಳ್ಳುತ್ತಿದ್ದೆವು. ಆಕೆ ಸಹಾಯಕಿಯ ಜೊತೆ ಸೊಪ್ಪು ಬಿಡಿಸುತ್ತಾ ಕೂತಿದ್ದರೆ ಮಗು ಹತ್ತು ಸಲ ಓಡಿಬಂದು ಮುಟ್ಟಿನೋಡಿ ಹೋಗುತ್ತಿತ್ತು. ಮರುದಿನ ಆಕೆ ಹೊಸ್ತಿಲಾಚೆ, ಆಮೇಲೆ ಜಗಲಿಯಲ್ಲಿ. ಕಣ್ತಪ್ಪಿಸಿ ಎದ್ದುಹೋಗಲು ಮಾತ್ರ ಬಿಡುತ್ತಿರಲಿಲ್ಲ. “ಊಟ ಆದ ಮೇಲೆ ಬರ್ತೀನಿ” ಎಂದು ಹೇಳಿಯೇ ಹೋಗಬೇಕು, ಊಟ ಆದ ಮೇಲೆ ಬರಲೇಬೇಕು. ಒಮ್ಮೆ ಮೋಸಹೋದ ಮಗುವನ್ನು ಮತ್ತೆ ನಂಬಿಸಲು ತಿಂಗಳು ಹಿಡಿಯುತ್ತದೆ.

ಪೋಷಕರ ತಪ್ಪೂ ಇದೆ. ಹಟ ಮಾಡಿದರೆ “ಸ್ಕೂಲಿಗೆ ಹಾಕ್ತೀನಿ ನೋಡು, ಮಿಸ್ ಹೊಡೀತಾರೆ” ಎಂದು ಹೆದರಿಸಿ, ಜೂನ್‌ನಲ್ಲಿ ಖುಷಿಯಾಗಿ ಹೋಗು ಎಂದರೆ ಹೇಗೆ ಹೋದೀತು? ಬೇಸಿಗೆಯಲ್ಲಿ ಎ, ಬಿ, ಸಿ, ಡಿ ತಿದ್ದಿಸುವ ಬದಲು ತನ್ನ ಕೈಯಿಂದ ಉಣ್ಣುವುದು, ಚಡ್ಡಿ ಬಿಚ್ಚಿ ಹಾಕಿಕೊಳ್ಳುವುದು, ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದು ರೂಢಿಯಾಗಲಿ. ಅಕ್ಷರಕ್ಕೆ ಅವಸರವಿಲ್ಲ.

ಆದರೆ ಶಾಲೆಗಳೇ ಪ್ರವೇಶಕ್ಕೆ ಸಂದರ್ಶನ ಮಾಡಿ, ಬಣ್ಣದ ಹೆಸರು ಹೇಳು, ಎಣಿಸು ಎನ್ನುವಾಗ ತಾಯ್ತಂದೆಯರು ತಾನೇ ಏನು ಮಾಡಿಯಾರು? 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶದ ವೇಳೆ ಮಗುವನ್ನಾಗಲೀ ಪೋಷಕರನ್ನಾಗಲೀ ಹೀಗೆ ಪರೀಕ್ಷಿಸುವುದನ್ನು ನಿಷೇಧಿಸುತ್ತದೆ. ಆದರೆ ಆ ಕಾಯ್ದೆಯಲ್ಲಿ ಮಗು ಎಂದರೆ 6ರಿಂದ 14 ವರ್ಷದವರು. ಇನ್ನೂ ಚಿಕ್ಕವರಿಗೆ ಆ ರಕ್ಷಣೆಯೂ ಇಲ್ಲ.

ಸರ್ಕಾರ 2024ರ ಜುಲೈನಲ್ಲಿ ಅಂಗನವಾಡಿಗಳಲ್ಲೇ ಸರ್ಕಾರಿ ಮಾಂಟೆಸ್ಸರಿ ಹೆಸರಿನಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸಿದೆ. ನನಗೆ ಸಂತೋಷವಾಗಿದೆ. ಖಾಸಗಿ ಶಾಲೆಗಳ ಮುಚ್ಚಿದ ಗೇಟು ಮಾತ್ರ ಅಲ್ಲಿಗೆ ಬರುವುದು ಬೇಡ.

ಶಾಲಾ ಶಿಕ್ಷಣ ಇಲಾಖೆ ಮುಂದಿನ ಜೂನ್‌ಗೆ ಮೊದಲೇ ಎಲ್ಲ ಶಾಲೆಗಳಿಗೂ ಸುತ್ತೋಲೆ ಹೊರಡಿಸಲಿ: ಎಲ್‌ಕೆಜಿಗೆ ಸಂದರ್ಶನ ಬೇಡ, ಮೊದಲ ವಾರ ಒಂದೆರಡು ಗಂಟೆಯಷ್ಟೇ ತರಗತಿ, ಮನೆಯವರೊಬ್ಬರಿಗೆ ಒಳಗೆ ಕೂರಲು ಅವಕಾಶ, ಮಗುವಿನ ಮನೆಮಾತು ತಿಳಿದ ಒಬ್ಬರಾದರೂ ಕೋಣೆಯಲ್ಲಿ ಇರಬೇಕು.

— ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ತಿ. ನರಸೀಪುರ ತಾಲ್ಲೂಕು