ಫಿಕ್ಸೆಡ್ ಡಿಪಾಸಿಟ್ ಬೇಡ ಅಂದ ಮುದುಕಿ

ಮೊನ್ನೆ ನಮ್ಮ ಬ್ರ್ಯಾಂಚಿಗೆ ಇಬ್ಬರು ಸಿಸ್ಟರ್‌ಗಳು ಬಂದಿದ್ದರು. ವರ್ಷಕ್ಕೊಮ್ಮೆ ಬರ್ತಾರೆ. ಬಿಳಿ ಉಡುಪು, ಕೈಯಲ್ಲಿ ಒಂದು ಚೀಲ, ಒಂದು ರಸೀದಿ ಪುಸ್ತಕ. ಕೌಂಟರ್ ಕೌಂಟರ್‌ಗೂ ಹೋಗಿ ನಮಸ್ಕಾರ ಹೇಳಿ ಸುಮ್ಮನೆ ನಿಲ್ತಾರೆ. ಕೊಟ್ಟವರಿಗೆ ರಸೀದಿ, ಕೊಡದವರಿಗೂ ಅದೇ ನಗು. ಈ ಸಲ ಚಹಾ ತರಿಸಿ ಕೂರಿಸಿಕೊಂಡು, ಬ್ಯಾಂಕಿನವನ ಚಾಳಿ ನೋಡಿ, ಕೇಳಿಯೇಬಿಟ್ಟೆ: "ಸಿಸ್ಟರ್, ಪ್ರತಿ ವರ್ಷ ಹೀಗೆ ಬಿಸಿಲಲ್ಲಿ ಅಲೆಯೋ ಬದಲು ಒಂದು ಒಳ್ಳೆ ಕಾರ್ಪಸ್ ಮಾಡಿ ಎಫ್‌ಡಿ ಇಟ್ಟುಬಿಡಬಾರದಾ? ನಾನೇ ಮಾಡಿಕೊಡ್ತೀನಿ." ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಮಗೆ ಹಾಗೆ ಇಡೋ ಹಾಗಿಲ್ಲ ಸರ್ ಅಂದರು ದೊಡ್ಡವರು.

ಮೂವತ್ತು ವರ್ಷದ ಸರ್ವಿಸಿನಲ್ಲಿ ಡಿಪಾಸಿಟ್ ಬೇಡ ಅನ್ನೋ ಗಿರಾಕಿಯನ್ನ ಬಹಳ ನೋಡಿದ್ದೀನಿ. ಇಡೋ ಹಾಗಿಲ್ಲ ಅಂತ ನಿಯಮ ಮಾಡಿಕೊಂಡ ಸಂಸ್ಥೆಯನ್ನ ನೋಡಿದ್ದು ಇದೇ ಮೊದಲು. ಆ ರಾತ್ರಿ ಕೂತು ಓದಿದೆ. ಓದಿದ್ದಕ್ಕೆ ಕಾರಣವೂ ಇತ್ತು, ಅದನ್ನ ಆಮೇಲೆ ಹೇಳ್ತೀನಿ.

ಇವರು 'ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್' ಎಂಬ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಸ್ಥೆಯವರು. ಬೆಂಗಳೂರಿನವರಿಗೆ ಹೊಸೂರು ರಸ್ತೆಯ ವೃದ್ಧಾಶ್ರಮ ಗೊತ್ತಿರಬಹುದು, ಅದು ಇವರದ್ದೇ. ನಮ್ಮ ಸಿಕಂದರಾಬಾದಿನಲ್ಲೂ ಒಂದು ಇದೆ. ಭಾರತಕ್ಕೆ ಮೊದಲು ಬಂದಿದ್ದು 1882ರಲ್ಲಿ, ಕೋಲ್ಕತ್ತಕ್ಕೆ. ಆದರೆ ಕಥೆ ಶುರುವಾಗೋದು ಫ್ರಾನ್ಸ್‌ನಲ್ಲಿ, ಬ್ರಿಟನಿ ಪ್ರಾಂತ್ಯದ ಸಮುದ್ರದಂಡೆಯ ಸೇಂಟ್ ಸೆರ್ವಾನ್ ಎಂಬ ಊರಿನಲ್ಲಿ.

ಜೀನ್ ಜುಗಾನ್ ಅಂತ ಒಬ್ಬ ಹೆಂಗಸು. ಹುಟ್ಟಿದ್ದು 1792ರಲ್ಲಿ, ಹತ್ತಿರದ ಕಾಂಕಾಲ್ ಎಂಬ ಮೀನುಗಾರರ ಊರಲ್ಲಿ. ಅಪ್ಪ ಸಮುದ್ರಕ್ಕೆ ಹೋದವನು ವಾಪಸ್ ಬರಲಿಲ್ಲ. ಈಕೆ ಅವರಿವರ ಮನೆಯ ಅಡುಗೆಮನೆಯಲ್ಲಿ, ಆಸ್ಪತ್ರೆಯಲ್ಲಿ ದುಡಿದು ಬದುಕಿದವಳು. ಮದುವೆ ಆಗಲಿಲ್ಲ. 1839ರ ಚಳಿಗಾಲದಲ್ಲಿ, ತನ್ನ 47ನೇ ವಯಸ್ಸಿನಲ್ಲಿ, ಆನ್ ಶೋವಿನ್ ಎಂಬ ಕಣ್ಣು ಕಾಣದ, ಅರ್ಧ ಮೈ ಸ್ವಾಧೀನವಿಲ್ಲದ ಒಬ್ಬ ಮುದುಕಿಯನ್ನ ಮನೆಗೆ ಕರೆದುಕೊಂಡು ಬಂದಳು. ಮನೆ ಅಂದರೆ ಬಾಡಿಗೆಯ ಎರಡು ಕೋಣೆ. ತನ್ನ ಹಾಸಿಗೆ ಮುದುಕಿಗೆ ಬಿಟ್ಟುಕೊಟ್ಟು ತಾನು ಅಟ್ಟಕ್ಕೆ ಹೋಗಿ ಮಲಗಿದಳು. ಅಷ್ಟೇ. ಕಮಿಟಿ ಇಲ್ಲ, ಬೈಲಾ ಇಲ್ಲ, ಪ್ರಾಜೆಕ್ಟ್ ರಿಪೋರ್ಟ್ ಇಲ್ಲ. ಒಂದು ಹಾಸಿಗೆ.

1841ರ ಹೊತ್ತಿಗೆ ಹನ್ನೆರಡು ಮುದುಕಿಯರು. ಹಿಂದೆ ಸಾರಾಯಿ ಅಂಗಡಿಯಾಗಿದ್ದ ಒಂದು ಜಾಗ ಬಾಡಿಗೆಗೆ ಹಿಡಿದರು. ಊಟಕ್ಕೆ? ಆ ಮುದುಕಿಯರಲ್ಲಿ ಎಷ್ಟೋ ಜನ ಮೊದಲು ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದವರು. ಜೀನ್ ಏನು ಮಾಡಿದಳು ಅಂದರೆ, ನಿಮಗೆ ಯಾರ್ಯಾರ ಮನೆಯಲ್ಲಿ ಕೊಡ್ತಿದ್ದರು ಹೇಳಿ ಅಂತ ಕೇಳಿ, ಇನ್ನು ನೀವು ಹೋಗಬೇಡಿ, ನಿಮ್ಮ ಪರವಾಗಿ ನಾನು ಹೋಗ್ತೀನಿ ಅಂತ ಬುಟ್ಟಿ ಹಿಡಿದು ಹೊರಟಳು. (ಗಿರಾಕಿಗಳ ಪಟ್ಟಿ ಹಸ್ತಾಂತರ ಮಾಡಿಕೊಳ್ಳೋದು ಅಂದರೆ ಇದು! ನಮ್ಮ ಮಾರ್ಕೆಟಿಂಗ್ ವಿಭಾಗದವರು ಕಲಿಯಬೇಕು.)

ಇಲ್ಲಿವರೆಗೆ ನಮ್ಮ ಕಡೆಯವರಿಗೆ ಹೊಸದೇನಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿ ಸಾವಿರಾರು ಹುಡುಗರಿಗೆ ಅನ್ನ ಹಾಕಿದ್ದನ್ನ ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಜೋಳಿಗೆ ಹಿಡಿಯೋದು ನಮಗೆ ಅವಮಾನ ಅಲ್ಲ. ಅಥವಾ ಒಂದು ಕಾಲದಲ್ಲಿ ಆಗಿರಲಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಮುಂದಿನ ಭಾಗ. 1843ರ ಡಿಸೆಂಬರ್‌ನಲ್ಲಿ ಜೊತೆಗಾರ್ತಿಯರೆಲ್ಲ ಸೇರಿ ಜೀನ್‌ಳನ್ನೇ ಮತ್ತೆ ಮುಖ್ಯಸ್ಥೆ ಅಂತ ಆರಿಸಿದರು. ಎರಡೇ ವಾರದಲ್ಲಿ ಲೆ ಪಾಯೆರ್ ಎಂಬ ಪಾದ್ರಿ ಆ ಚುನಾವಣೆಯನ್ನ ತಾನೇ ರದ್ದು ಮಾಡಿ, ಇಪ್ಪತ್ತಮೂರು ವರ್ಷದ ಮರಿ ಜಾಮೆ ಎಂಬಾಕೆಯನ್ನ ಆ ಜಾಗದಲ್ಲಿ ಕೂರಿಸಿದ. ಜೀನ್‌ಗೆ ಉಳಿದಿದ್ದು ಬುಟ್ಟಿ. ಇದಾಗಿ ಎರಡು ವರ್ಷಕ್ಕೆ, 1845ರಲ್ಲಿ, ಫ್ರೆಂಚ್ ಅಕಾಡೆಮಿ ಮಾಂತ್ಯೋಂ ಪ್ರಶಸ್ತಿ ಕೊಟ್ಟಿತು, 3,000 ಫ್ರಾಂಕ್. ಪ್ರಶಸ್ತಿ ಜೀನ್ ಹೆಸರಿಗೆ! ಹುದ್ದೆ ಇಲ್ಲ, ಪ್ರಶಸ್ತಿ ಇದೆ. ದುಡ್ಡು ಸಂಸ್ಥೆಗೆ ಹೋಯಿತು ಅಂತ ಬೇರೆ ಹೇಳಬೇಕಾಗಿಲ್ಲ.

1852ರಲ್ಲಿ ಬುಟ್ಟಿಯನ್ನೂ ಕಿತ್ತುಕೊಂಡು ಆಕೆಯನ್ನ ಕೇಂದ್ರ ಮಠದಲ್ಲಿ ಕೂರಿಸಿದರು. ಆಮೇಲೆ 1879ರಲ್ಲಿ ಸಾಯುವವರೆಗೆ, ಇಪ್ಪತ್ತೇಳು ವರ್ಷ, ಆಕೆ 'ಸಿಸ್ಟರ್ ಮೇರಿ ಆಫ್ ದ ಕ್ರಾಸ್' ಎಂಬ ಒಬ್ಬ ಸಾಮಾನ್ಯ ಮುದುಕಿ. ಸಂಸ್ಥೆ ಕಟ್ಟಿದ್ದು ಪಾದ್ರಿ, ಈಕೆ ಮೂರನೆಯದಾಗಿ ಸೇರಿದವಳು ಅಂತ ಹೊಸ ಕಥೆ ಬರೆಯಲಾಯಿತು. ಜೊತೆಗೆ ತರಕಾರಿ ಹೆಚ್ಚುತ್ತಿದ್ದ ಹೊಸ ಹುಡುಗಿಯರಿಗೆ ಈಕೆ ಯಾರು ಅಂತಲೇ ಗೊತ್ತಿರಲಿಲ್ಲ. ಆಕೆ ತೀರಿಕೊಂಡಾಗ ಸಂಸ್ಥೆಯಲ್ಲಿ ಸುಮಾರು 2,400 ಸಿಸ್ಟರ್‌ಗಳಿದ್ದರು.

ಮಿನಿಟ್ಸ್ ಪುಸ್ತಕ ತಿದ್ದೋದನ್ನ ನಾನೂ ಕಂಡಿದ್ದೀನಿ. ಯಾವುದೋ ಸೊಸೈಟಿಯಲ್ಲಿ ಒಂದು ಸಾಲು, ಒಂದು ಸಹಿ. ಆದರೆ ಒಬ್ಬ ಬದುಕಿರೋ ಮನುಷ್ಯಳನ್ನೇ ದಾಖಲೆಯಿಂದ ಅಳಿಸಿ ಅದೇ ಕಟ್ಟಡದಲ್ಲಿ ಊಟಕ್ಕೆ ಕೂರಿಸೋದು... ಧರ್ಮದ ಸಂಸ್ಥೆಗಳ ಬಗ್ಗೆ ಬರೀ ಹೊಗಳಿಕೆ ಬರೆಯೋರು ಈ ಭಾಗ ಬಿಟ್ಟುಬಿಡ್ತಾರೆ. ಬಿಡಬಾರದು. 1890ರಲ್ಲಿ ರೋಮ್‌ನವರು ವಿಚಾರಣೆ ಮಾಡಿ ಆ ಪಾದ್ರಿಯನ್ನ ತೆಗೆದುಹಾಕಿದರು. ಜೀನ್‌ಳನ್ನ ಸಂತಳೆಂದು ಘೋಷಿಸಿದ್ದು 2009ರ ಅಕ್ಟೋಬರ್‌ನಲ್ಲಿ. ತಪ್ಪು ಎಂಟ್ರಿ ಸರಿಹೋಗೋಕೆ ಎಷ್ಟು ವರ್ಷ ನೋಡಿ.

ಈಗ ಎಫ್‌ಡಿ ವಿಷಯ. 1865ರಲ್ಲಿ, ವರ್ಷ ವರ್ಷ ಖಾಯಂ ಆದಾಯ ಬರುವಂಥ ಒಂದು ಆಸ್ತಿ ಸಂಸ್ಥೆಗೆ ಬರೋದರಲ್ಲಿತ್ತು. ತೊಗೋಬೇಕೋ ಬೇಡವೋ ಅಂತ ಆಡಳಿತ ಮಂಡಳಿಯಲ್ಲಿ ಚರ್ಚೆ. ಹದಿಮೂರು ವರ್ಷದಿಂದ ಮೂಲೆಯಲ್ಲಿ ಕೂರಿಸಿದ್ದ ಮುದುಕಿಯನ್ನ ಆವತ್ತು ಕರೆಸಿ ಕೇಳಿದರು. ಆಕೆ ಹೇಳಿದ್ದು ಬೇಡ ಅಂತ. ಮೊದಲಿಂದ ಜನ ಕೊಟ್ಟಿದ್ದರಲ್ಲಿ ನಡೆದಿದೆ, ಹಾಗೇ ನಡೀಲಿ, ಶಾಶ್ವತ ಆದಾಯ ಬೇಡ. ಮಂಡಳಿ ಒಪ್ಪಿತು. ಕಾಗದಕ್ಕೆ ಆಕೆಯ ಸಹಿಯೂ ಬಿತ್ತು. ಸಂಸ್ಥೆಯ ನಿಯಮವಾಯಿತು. ಮೊನ್ನೆ ನನ್ನ ಎದುರು ಚಹಾ ಕುಡಿಯುತ್ತಾ ಸಿಸ್ಟರ್ ಹೇಳಿದ 'ಇಡೋ ಹಾಗಿಲ್ಲ' ಅಲ್ಲಿಂದ ಬಂದಿದ್ದು.

ಓದಿದ ತಕ್ಷಣ ನನಗನ್ನಿಸಿದ್ದು, ಇದು ಶುದ್ಧ ಬೇಜವಾಬ್ದಾರಿ ಅಂತ. ಬಿ.ಕಾಂ. ಓದಿದವನಿಗೆ ಇನ್ನೇನು ಅನ್ನಿಸಬೇಕು? ಆಮೇಲೆ ಲೆಕ್ಕ ಹಾಕಿದೆ. ನಾನು ಕೆಲಸಕ್ಕೆ ಸೇರಿದ 90ರ ದಶಕದಲ್ಲಿ ಒಂದು ಲಕ್ಷ ಇಟ್ಟರೆ ವರ್ಷಕ್ಕೆ 11-12 ಸಾವಿರ ಬಡ್ಡಿ ಬರ್ತಿತ್ತು. 2021ರಲ್ಲಿ ಅದೇ ಒಂದು ಲಕ್ಷಕ್ಕೆ ಹೆಚ್ಚುಕಮ್ಮಿ ಐದು ಸಾವಿರ. ಅಕ್ಕಿ ಬೇಳೆ ಅದೇ ಅವಧಿಯಲ್ಲಿ ಎಲ್ಲಿಗೆ ಹೋಯ್ತು ಅಂತ ನಿಮಗೇ ಗೊತ್ತು. ಶಾಶ್ವತ ಆದಾಯ ಅಂತ ನಾವು ಕರೆಯೋದು ಶಾಶ್ವತವೂ ಅಲ್ಲ. ಆ ಸಂಸ್ಥೆ ಬುಟ್ಟಿ ನಂಬಿ ನೂರೆಂಬತ್ತು ವರ್ಷ ದಾಟಿದೆ.

ಈಗ ಓದಿದ ಕಾರಣ ಹೇಳ್ತೀನಿ. ಈ ಊರಿನಲ್ಲಿ ನಮ್ಮದೊಂದು ಗುಂಪಿದೆ. ರಾಯಚೂರು, ಕಲಬುರಗಿ, ಕೊಪ್ಪಳ ಕಡೆಯಿಂದ ಬಂದು ನೆಲೆಸಿದ ಮೂವತ್ತು-ನಲವತ್ತು ಕನ್ನಡದ ಮನೆಗಳು. 2013ರಲ್ಲಿ, ಇಲ್ಲೇ ಮುದುಕರಾಗಿ ಯಾರೂ ಇಲ್ಲದವರಿಗೆ ಒಂದು ಆಶ್ರಯ ಮಾಡಬೇಕು ಅಂತ ತೀರ್ಮಾನ ಮಾಡಿದೆವು. ಬ್ಯಾಂಕಿನವನು ಅಂತ ನನ್ನನ್ನ ಖಜಾಂಚಿ ಮಾಡಿದರು. ಮೊದಲು 25 ಲಕ್ಷ ಕಾರ್ಪಸ್ ಆಗಲಿ, ಅಲ್ಲಿವರೆಗೆ ಒಂದು ಪೈಸೆ ಮುಟ್ಟಬಾರದು ಅಂತ ಠರಾವು ಬರೆದವನು ನಾನೇ. ಇವತ್ತು 11 ಲಕ್ಷ ಚಿಲ್ಲರೆ ಇದೆ. ಆಟೋ ರಿನ್ಯೂಯಲ್. ಪ್ರತಿ ವರ್ಷದ ಸಭೆಯಲ್ಲಿ ನಾನು ಅಂಕಿ ಓದ್ತೀನಿ, ಎಲ್ಲರೂ ಚಪ್ಪಾಳೆ ತಟ್ತಾರೆ, ಉಪ್ಪಿಟ್ಟು ತಿಂದು ಮನೆಗೆ ಹೋಗ್ತೀವಿ. ಆ ದುಡ್ಡಿನಿಂದ ಇದುವರೆಗೆ ಒಬ್ಬ ಮುದುಕ ಒಂದು ತುತ್ತು ಉಂಡಿಲ್ಲ.

ನಮ್ಮ ಗುಂಪಿನಲ್ಲೇ ಒಬ್ಬರಿದ್ದರು. ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡಿ ಮುಪ್ಪಾದವರು. ಹೆಂಡತಿ ಹೋಗಿ, ಮಕ್ಕಳಿಲ್ಲದೆ, ಮೂರನೇ ಮಹಡಿಯ ಒಂದು ಕೋಣೆಯಲ್ಲಿದ್ದರು. ಮೂರು ವರ್ಷದ ಹಿಂದೆ ಸೊಂಟ ಮುರೀತು. ಆಗ ಯಾರೋ ಎಫ್‌ಡಿ ಮಾತೆತ್ತಿದರು. ಠರಾವು ತೋರಿಸಿದೆ. ಕೈಯಿಂದ ಐದು ಸಾವಿರ ಕೊಟ್ಟು ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡೆ. ಕೊನೆಗೆ ಚರ್ಚಿನವರು ನಡೆಸುವ ಒಂದು ಆಶ್ರಮದಲ್ಲಿ ಜಾಗ ಸಿಕ್ಕಿತು. ನೋಡಲು ಹೋದಾಗ ಹಣೆ ಮೇಲೆ ವಿಭೂತಿ ಹಾಗೇ ಇತ್ತು. ಊಟದ್ದೇ ತಕರಾರು, ರೊಟ್ಟಿ ಸಿಗೋದಿಲ್ಲ ಅಂತ. ಹೊರಡುವಾಗ ಕೈ ಹಿಡಕೊಂಡು ಕೇಳಿದರು, "ತಮ್ಮಾ, ನಿಮ್ಮ ಎಫ್‌ಡಿ ಹೆಂಗೈತಿ? ಆರಾಮ ಐತಿಲ್ಲೋ?"

ವ್ಯಂಗ್ಯ ಇತ್ತೋ ಇಲ್ಲವೋ ಇವತ್ತಿಗೂ ಗೊತ್ತಾಗಿಲ್ಲ. ಕೇಳೋಣ ಅಂದರೆ ಕಾಕಾ ಹೋಗಿ ಒಂದೂವರೆ ವರ್ಷವಾಯಿತು.

ಅವರ ಹಾಗೆ ನಮಗೆ ಮಾಡೋಕೆ ಆಗಲ್ಲ ಅಂತ ನೀವು ಹೇಳಬಹುದು. ಒಪ್ತೀನಿ. ಅವರಲ್ಲಿ ಜೀವನಪೂರ್ತಿ ಸಂಬಳವಿಲ್ಲದೆ ದುಡಿಯೋ ಸನ್ಯಾಸಿನಿಯರಿದ್ದಾರೆ. ಉಳಿದ ಸನ್ಯಾಸಿಗಳಿಗೆ ಮೂರು ವ್ರತವಾದರೆ ಇವರಿಗೆ ನಾಲ್ಕನೆಯದೊಂದು, ಅತಿಥಿ ಸತ್ಕಾರ. ನಮ್ಮಲ್ಲಿ ರಾತ್ರಿ ಪಾಳಿಗೆ ಒಬ್ಬ ಆಯಾ ಇಡಬೇಕಾದರೂ ತಿಂಗಳ ಸಂಬಳ ಎಣಿಸಬೇಕು. ಅವರ ಎಲ್ಲ ನಿಲುವುಗಳೂ ನನ್ನವಲ್ಲ. ಗರ್ಭನಿರೋಧಕದ ವಿಮೆ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2020ರಲ್ಲಿ ಗೆದ್ದು ಬಂದವರು ಇವರೇ, ಅದರ ಬಗ್ಗೆ ನನ್ನ ಮಗಳ ಅಭಿಪ್ರಾಯ ಇಲ್ಲಿ ಬರೆಯುವಂಥದ್ದಲ್ಲ. ಸರ್ಕಾರ ಮಾಡಲಿ ಅನ್ನೋರೂ ಇದ್ದಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜಿಲ್ಲೆಗೊಂದರಂತೆ, ಕನಿಷ್ಠ 150 ಜನರಿಗೆ ವೃದ್ಧಾಶ್ರಮ ಅಂತ ಬರೆದಿದೆ. ಮಾಡಲೇಬೇಕು ಅಂತಲ್ಲ, ಮಾಡಬಹುದು ಅಂತ. ಕಾಕಾನ ಮೂರನೇ ಮಹಡಿಗೆ ಆ ಕಾಯ್ದೆ ಹತ್ತಿ ಬರಲಿಲ್ಲ.

ಕಾರ್ಪಸ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಹೇಳಿದರೆ ನೌಕರಿ ಹೋದೀತು. ಆದರೆ ಕಾರ್ಪಸ್ ಮೊದಲು ಅನ್ನೋದು ನಮ್ಮಂಥವರ ನೆಪ. ದುಡ್ಡು ಸುರಕ್ಷಿತವಾಗಿದ್ದಷ್ಟು ದಿನ ಯಾರ ಮೈ ತೊಳೆಯೋ ಪ್ರಸಂಗವೂ ಬರೋದಿಲ್ಲ. ಕೇಳಲು ಹೋಗೋ ನಾಚಿಕೆಯೂ ಇಲ್ಲ. ನಾಚಿಕೆ ಇಲ್ಲದ ಕಡೆ ಕೊಡೋರೂ ಕಲಿಯೋದಿಲ್ಲ. ಜೀನ್ ಬುಟ್ಟಿ ಹಿಡಿದು ಹೋದಾಗ ಒಬ್ಬ ಕಪಾಳಕ್ಕೆ ಹೊಡೆದನಂತೆ. ಇದು ನನಗಾಯ್ತು, ಈಗ ನನ್ನ ಮುದುಕರಿಗೇನು ಕೊಡ್ತೀ ಅಂತ ಕೇಳಿದಳು ಅಂತ ಒಂದು ಕಥೆ ಹೇಳ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಆದರೆ ವಾರಕ್ಕೊಂದು ಮನೆಯ ಊಟ ಕೇಳೋ ಧೈರ್ಯ ಬರಬಹುದು. ನಮ್ಮ ಅಜ್ಜ ಧಾರವಾಡದಲ್ಲಿ ವಾರಾನ್ನ ಉಂಡು ಓದಿದವರು. ಏಳು ಮನೆ, ಏಳು ದಿನ. ಅದೇ ಲೆಕ್ಕ, ಉಣ್ಣೋರು ಮಾತ್ರ ಈ ಸಲ ಮುದುಕರು.

ಹನ್ನೊಂದು ಲಕ್ಷಕ್ಕೆ ಈಗಿನ ದರದಲ್ಲಿ ತಿಂಗಳಿಗೆ ಸುಮಾರು ಆರು ಸಾವಿರ ಬಡ್ಡಿ. ನಮ್ಮ ಕಡೆ ಎರಡು ಕೋಣೆಯ ಮನೆಗೆ ಹನ್ನೆರಡು ಸಾವಿರ ಕೇಳ್ತಾರೆ. ಉಳಿದ ಆರು, ಆಯಾ ಸಂಬಳ, ಔಷಧಿ, ಇದಕ್ಕೆಲ್ಲ ಜೋಳಿಗೆ. ಮುಂದಿನ ತಿಂಗಳ ವಾರ್ಷಿಕ ಸಭೆಯಲ್ಲಿ ಹಳೇ ಠರಾವು ರದ್ದು ಮಾಡಿ ಅಂತ ನಾನೇ ಅರ್ಜಿ ಇಡ್ತಿದ್ದೀನಿ. ಯಾರು ವಿರೋಧ ಮಾಡ್ತಾರೆ, ಏನು ಹೇಳ್ತಾರೆ ಅಂತ ಗೊತ್ತು, ಯಾಕಂದ್ರೆ ಆ ಮಾತುಗಳನ್ನೆಲ್ಲ ಕಲಿಸಿದ್ದು ನಾನೇ.

ಸಿಕಂದರಾಬಾದ್ ಸುತ್ತಮುತ್ತ ಯಾರಿಗಾದರೂ ಬಾಡಿಗೆ ಮನೆ ಗೊತ್ತಿದ್ದರೆ ತಿಳಿಸಿ. ನೆಲಮಹಡಿಯೇ ಆಗಬೇಕು. ಬಚ್ಚಲಿಗೆ ಮೆಟ್ಟಿಲು ಇರಬಾರದು.