ಕಣಜದ ಬೀಗದ ಕೈ ಯಾರ ಬಳಿ ಇದೆ?

ರೈತ ಬಾಂಧವರೇ, ಕಣಜದ ಬೀಗದ ಕೈಯನ್ನು ದಾರಿಹೋಕರಿಗೆ ಕೊಡುವವರು ನಿಮ್ಮಲ್ಲಿ ಯಾರೂ ಇಲ್ಲ. ಆದರೆ ಎಟಿಎಂ ಮುಂದೆ ಹಿಂದೆ ನಿಂತ ಹುಡುಗನಿಗೆ ಕಾರ್ಡನ್ನೂ ಪಿನ್ ಅನ್ನೂ ಒಪ್ಪಿಸಿ, "ಸ್ವಲ್ಪ ತೆಗೆದುಕೊಡಪ್ಪ" ಎನ್ನುವವರನ್ನು ಪ್ರತಿ ಸಂತೆಯ ದಿನವೂ ಕಾಣುತ್ತಿದ್ದೇನೆ. ಪಾಸ್‌ಬುಕ್ಕಿನ ರಟ್ಟಿನ ಮೇಲೆಯೇ ಪಿನ್ ಬರೆದಿಟ್ಟವರೂ ಉಂಟು. ಹಾಲಿನ ಹಣ, ಅಡಿಕೆಯ ಹಣ, ಸರ್ಕಾರದ ಸಹಾಯಧನ ಎಲ್ಲವೂ ಖಾತೆಗೇ ಬರುವ ಈ ಕಾಲದಲ್ಲಿ ಕಣಜ ಇರುವುದು ಬ್ಯಾಂಕಿನಲ್ಲಿ.

ತಪ್ಪು ರೈತರದ್ದೊಂದೇ ಅಲ್ಲ. ಕಚೇರಿಯವರಾದ ನಾವೂ ನೋಂದಣಿಗೆಂದು "ಮೊಬೈಲಿಗೆ ಬಂದ ಒಟಿಪಿ ಹೇಳಿ" ಎಂದು ಕೇಳಿ ಕೇಳಿ, ಕೇಳಿದವರಿಗೆಲ್ಲ ಹೇಳುವ ರೂಢಿಯನ್ನು ಬೆಳೆಸಿದ್ದೇವೆ. ಇನ್ನು ಮುಂದೆ ಅಂಕೆ ಹೇಳುವ ಮೊದಲು ಆ ಸಂದೇಶವನ್ನು ಪೂರ್ತಿ ಓದಿ, ಬಾರದಿದ್ದರೆ ಮನೆಯ ಮಕ್ಕಳಿಂದ ಓದಿಸಿ. ಹಣ ಪಾವತಿಯ ಮಾತು ಅದರಲ್ಲಿದ್ದರೆ ನನಗೂ ಹೇಳಬೇಡಿ.

ಪಿನ್ ಆರಿಸುವುದರಲ್ಲಿಯೂ ಎಚ್ಚರ ಬೇಕು. ನಾಲ್ಕು ಅಂಕೆಗಳನ್ನು 10,000 ಬಗೆಯಲ್ಲಿ ಜೋಡಿಸಬಹುದು. ಹುಟ್ಟಿದ ಇಸವಿಯನ್ನೇ ಇಟ್ಟರೆ ಐವತ್ತು ಅರವತ್ತು ಬಗೆಯಷ್ಟೇ ಉಳಿಯುತ್ತದೆ, ನಿಮ್ಮ ವಯಸ್ಸು ಬಲ್ಲವನಿಗೆ ಅಷ್ಟೂ ಬೇಕಿಲ್ಲ. ಬೈಕಿನ ಸಂಖ್ಯೆ, ಸರ್ವೆ ನಂಬರು, 1234 ಇವನ್ನೂ ಬಿಡಿ. "ಮರೆತುಹೋಗುತ್ತದಲ್ಲ ಸ್ವಾಮಿ" ಎನ್ನುತ್ತೀರಿ. ಮನೆಯವರಿಗಷ್ಟೇ ತಿಳಿದ ಎರಡು ಲೆಕ್ಕಗಳನ್ನು ಹಿಂದುಮುಂದಾಗಿ ಸೇರಿಸಿಕೊಂಡರೆ ಮರೆಯುವುದಿಲ್ಲ. ಬೆಲ್ಲವನ್ನೋ ಸಸಿಗಳನ್ನೋ ಫೋನಿನ ಮೂಲಕ ಮಾರುವವರಿಗೆ ಇಮೇಲಿನ ಪಾಸ್‌ವರ್ಡ್ ಕೂಡ ಇರುತ್ತದೆ. ಅದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳ ಉದ್ದನೆಯ ಸಾಲು ಒಳ್ಳೆಯದು. ಒಂದನ್ನೇ ಎಲ್ಲ ಕಡೆಗೂ ಬಳಸಬಾರದು. ಇಂಥ ಪಾಸ್‌ವರ್ಡನ್ನು ಬರೆದು ಜಮೀನಿನ ಪತ್ರಗಳ ಜೊತೆ ಟ್ರಂಕಿನಲ್ಲಿಟ್ಟರೆ ತಪ್ಪೆಂದು ನಾನು ಹೇಳಲಾರೆ. ಪಿನ್ ಮಾತ್ರ ತಲೆಯಲ್ಲೇ ಇರಲಿ.

ಬ್ಯಾಂಕಿಗೆ ಕೊಟ್ಟ ಮೊಬೈಲ್ ಸಂಖ್ಯೆಯನ್ನು ರೀಚಾರ್ಜ್ ಮಾಡದೆ ಬಹುಕಾಲ ಬಿಟ್ಟರೆ ಅದು ಬೇರೆಯವರ ಪಾಲಾಗುತ್ತದೆ, ಒಟಿಪಿಯೂ ಅವರಿಗೇ ಹೋಗುತ್ತದೆ. ಸಂಖ್ಯೆ ಬದಲಾಯಿಸಿದರೆ ಮೊದಲು ಬ್ಯಾಂಕಿಗೆ ತಿಳಿಸಿ.

ಇನ್ನೊಂದು ಮೋಸವಿದೆ. ಹಸು ಮಾರಾಟಕ್ಕಿದೆ ಎಂದು ಫೋನಿನಲ್ಲಿ ಚಿತ್ರ ಹಾಕುತ್ತೀರಿ. ಕೊಳ್ಳುವವನೊಬ್ಬ ಕರೆಮಾಡಿ, "ಮುಂಗಡ ಕಳಿಸಿದ್ದೇನೆ, ಪಿನ್ ಒತ್ತಿದರೆ ನಿಮಗೆ ಬರುತ್ತದೆ" ಎನ್ನುತ್ತಾನೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಒತ್ತಿದರೆ ಹಣ ಹೋಗುವುದು ನಿಮ್ಮದೇ. ಹಾಗೆ ಹೋದದ್ದು ತಿಳಿದೊಡನೆ ನಾಚಿಕೆಪಟ್ಟು ಕೂರದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ. ಆ ಹಣ ಮುಂದಕ್ಕೆ ಸಾಗುವುದರೊಳಗೆ ತಡೆಯಲು ಸಾಧ್ಯವಿರುವುದು ಆಗಲೇ, ಮರುದಿನ ಪಟ್ಟಣಕ್ಕೆ ಹೋದಾಗ ಅಲ್ಲ.