‘ಪಗಾರ ಬಂದಿಲ್ಲಂತ್ರಿ’

ಸುರಪುರ ತಾಲ್ಲೂಕಿನ ನಮ್ಮ ಬ್ಯಾಂಕ್ ಶಾಖೆಯ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ಮಧ್ಯಾಹ್ನ ಎರಡೂವರೆಯ ಬಿಸಿಲು. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಊಟ ಮುಗಿಸಿ ಬಂದವನು ‘ಯಾಕವ್ವಾ, ಇಲ್ಲೇ ಕುಂತೀಯಲ್ಲ?’ ಅಂದೆ. ‘ಪಗಾರ ಬಂದಿಲ್ಲಂತ್ರಿ ಸಾಹೇಬ್ರ. ಬಸ್ಸು ನಾಕಕ್ಕದ’ ಅಂದಳು. ಒಳಗೆ ಕರೆದುಕೊಂಡು ಹೋಗಿ ಖಾತೆ ತೆರೆದು ನೋಡಿದರೆ ಮೂರು ತಿಂಗಳ ವೃದ್ಧಾಪ್ಯ ವೇತನ ಹಾಗೇ ಇತ್ತು.

ಆ ಕಡೆ ವೃದ್ಧಾಪ್ಯ ವೇತನಕ್ಕೂ ಜನ ಪಗಾರ ಅಂತಲೇ ಅನ್ನುತ್ತಾರೆ. ಕೌಂಟರಿನಲ್ಲಿದ್ದ ಯುವ ಅಧಿಕಾರಿ ಬಿಹಾರದ ದರಭಂಗಾದವನು, ಶಾಖೆಗೆ ಬಂದು ಎರಡು ತಿಂಗಳಾಗಿತ್ತು. ಅಜ್ಜಿಯ ಮಾತಿನಲ್ಲಿ ಅವನಿಗೆ ಗುರುತು ಸಿಕ್ಕ ಪದ ಅದೊಂದೇ. ಹಿಂದಿ ಸಿನಿಮಾ ನೋಡಿದವನಿಗೆ ಪಗಾರ ಎಂದರೆ ಸಂಬಳ. ಇದು ಸಂಬಳದ ಖಾತೆ ಅಲ್ಲ, ಏನೂ ಬಂದಿಲ್ಲ ಎಂದು ಕೈಯಾಡಿಸಿ ಕಳಿಸಿದ್ದ. ಪದ ಗೊತ್ತೇ ಇಲ್ಲದಿದ್ದರೆ ಪಕ್ಕದವರನ್ನಾದರೂ ಕೇಳುತ್ತಿದ್ದನೇನೋ. ಗೊತ್ತಿದ್ದ ಪದವೇ ಕೈಕೊಟ್ಟಿತು.

ಅದೇ ವಾರ ನಾನು ರಾಜಭಾಷೆಯ ತ್ರೈಮಾಸಿಕ ಪ್ರಗತಿ ವರದಿ ತುಂಬಿ ಮೇಲಿನ ಕಚೇರಿಗೆ ಕಳಿಸಬೇಕಿತ್ತು. ಹಿಂದಿಯಲ್ಲಿ ಬಂದ ಪತ್ರಗಳೆಷ್ಟು, ಹಿಂದಿಯಲ್ಲೇ ಉತ್ತರಿಸಿದ್ದೆಷ್ಟು, ಹಿಂದಿಯ ಕಾರ್ಯಸಾಧಕ ಜ್ಞಾನ ಇರುವ ಸಿಬ್ಬಂದಿ ಎಷ್ಟು? ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿಯನ್ನು ಬರೆಯಲು ಆ ವರದಿಯಲ್ಲಿ ಒಂದು ಕಾಲಂ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೆಲಸ ಮಾಡಿ ನಿವೃತ್ತನಾದ ಮೇಲೂ ನನ್ನನ್ನು ಕಾಡುವುದು ಆ ಇಲ್ಲದ ಕಾಲಂ.

ನಮ್ಮ ಭಾಷಾ ನೀತಿಯ ಚರ್ಚೆ ಶುರುವಾದರೆ ಹಿಂದಿ ಹೇರಿಕೆ ಬೇಕೋ ಬೇಡವೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹೇರಿಕೆ ಬೇಡ ಎನ್ನುವವನು ನಾನು. ಆದರೆ ಈ ನೀತಿಯ ಮೂಲದಲ್ಲೇ ಇರುವ ಕೊರತೆ ಬೇರೆಯದು. 1963ರ ಕೇಂದ್ರದ ರಾಜಭಾಷಾ ಕಾಯ್ದೆಯಾಗಲಿ 1976ರ ನಿಯಮಗಳಾಗಲಿ ಹೆಚ್ಚಾಗಿ ಹೇಳುವುದು ಒಂದು ಕಚೇರಿ ಇನ್ನೊಂದು ಕಚೇರಿಗೆ ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದನ್ನು. ದೇಶವನ್ನು ಕ, ಖ, ಗ ಎಂದು ಮೂರು ಕ್ಷೇತ್ರ ಮಾಡಿದ ಆ ನಿಯಮಗಳು ಕರ್ನಾಟಕವನ್ನು ‘ಗ’ದಲ್ಲಿ ಇಟ್ಟವು, ತಮಿಳುನಾಡಿಗೆ ಅನ್ವಯವೇ ಆಗಲಿಲ್ಲ. ಒಂದು ಕಚೇರಿಯ ಶೇ 80ರಷ್ಟು ಸಿಬ್ಬಂದಿಗೆ ಹಿಂದಿ ಬಂದರೆ ಅದನ್ನು ರಾಜಪತ್ರದಲ್ಲಿ ಪ್ರಕಟಿಸಬಹುದು. ಅವರಲ್ಲಿ ಎಷ್ಟು ಜನಕ್ಕೆ ಊರಿನವರ ಮಾತು ತಿಳಿಯುತ್ತದೆ ಎಂದು ಆ ನಿಯಮಗಳು ಕೇಳುವುದಿಲ್ಲ. ಕೇಂದ್ರ ನೌಕರರು ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಹಿಂದಿ ಪರೀಕ್ಷೆಗಳನ್ನು ಒಳ್ಳೆಯ ಅಂಕ ತೆಗೆದು ಪಾಸು ಮಾಡಿದರೆ ನಗದು ಬಹುಮಾನವಿದೆ. ನಮ್ಮ ಯಾದಗಿರಿ ಜಿಲ್ಲೆಗೆ ಬಂದು ಕನ್ನಡ ಕಲಿತವನಿಗೆ ಆ ನಿಯಮಗಳಲ್ಲಿ ಏನೂ ಇಲ್ಲ.

ಗ್ರಾಹಕರ ವಿಷಯಕ್ಕೆ ಬಂದರೆ ರಿಸರ್ವ್ ಬ್ಯಾಂಕಿನ ಸೂಚನೆ ಚೆನ್ನಾಗಿಯೇ ಇದೆ. ಖಾತೆ ತೆರೆಯುವ ಅರ್ಜಿ, ಚಲನ್, ಪಾಸ್‌ಬುಕ್ ಎಲ್ಲವೂ ಇಂಗ್ಲಿಷ್, ಹಿಂದಿ, ಪ್ರಾದೇಶಿಕ ಭಾಷೆ ಮೂರರಲ್ಲೂ ಸಿಗಬೇಕು. ಚೆಕ್ಕನ್ನು ಕನ್ನಡದಲ್ಲೇ ಬರೆಯಬಹುದು. ನನ್ನ ಸೇವೆಯಲ್ಲಿ ಹಾಗೆ ಬರೆದ ಚೆಕ್ಕುಗಳನ್ನು ಬೆರಳೆಣಿಕೆಯಷ್ಟು ಕಂಡಿದ್ದೇನೆ, ಯಾಕೆಂದರೆ ಬರೆಯಬಹುದು ಎಂದು ನಾವು ಯಾರಿಗೂ ಹೇಳಿರಲಿಲ್ಲ. ಆ ತಪ್ಪು ನಮ್ಮದೇ. ಆದರೆ ಓದು ಬಾರದ ಅಜ್ಜಿಗೆ ಅಚ್ಚಾದ ಫಾರಂ ಎಷ್ಟು ಭಾಷೆಯಲ್ಲಿದ್ದರೇನು? ಅವಳಿಗೆ ಬ್ಯಾಂಕ್ ಎಂದರೆ ಗಾಜಿನಾಚೆ ಕೂತವನ ಬಾಯಿಂದ ಬರುವ ಮಾತು.

ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಡೆದದ್ದು ಗೊತ್ತಾದಾಗ ಅವನ ಮುಖ ಬಾಡಿತು. ಮರುದಿನವೇ ಒಂದು ಸಣ್ಣ ನೋಟ್‌ಬುಕ್ ತಂದ. ಎಡಗಡೆ ದೇವನಾಗರಿಯಲ್ಲಿ ಕನ್ನಡ ಪದ, ಬಲಗಡೆ ಅರ್ಥ. ಮೊದಲ ಸಾಲು ಪಗಾರ. ಆಮೇಲೆ ರೊಕ್ಕ, ಹೆಬ್ಬೆಟ್ಟು, ಸಾಲ, ಬಡ್ಡಿ, ‘ನಾಳಿಗಿ ಬರ್ರಿ’. ಆ ಕೊನೆಯದನ್ನು ನಾನೇ ಹೊಡೆದು ಹಾಕಿಸಿದೆ, ನಮ್ಮ ಜನ ಅದನ್ನು ಕೇಳಿ ಕೇಳಿ ಸಾಕಾಗಿದ್ದಾರೆ. ಆರು ತಿಂಗಳಲ್ಲಿ ಅವನು ‘ಎಷ್ಟ ಬೇಕವ್ವಾ?’ ಎಂದರೆ ಹೆಂಗಸರು ಅವನ ಸರದಿಗೇ ಬಂದು ನಿಲ್ಲುತ್ತಿದ್ದರು. ಅಧಿಕಾರಿಗಳ ನೇಮಕದ ಪರೀಕ್ಷೆ ಅವನು ಬರೆದಾಗ ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಗುಮಾಸ್ತರ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸುವ ತೀರ್ಮಾನವಾದದ್ದೇ 2021ರಲ್ಲಿ. ಅವನು ಕನ್ನಡ ಕಲಿತದ್ದು ಯಾರ ಆದೇಶದಿಂದಲೂ ಅಲ್ಲ. ಆದರೆ ಒಬ್ಬೊಬ್ಬರ ಒಳ್ಳೆಯತನವನ್ನು ನಂಬಿಕೊಂಡು ಒಂದು ಜಿಲ್ಲೆಯ ಬ್ಯಾಂಕುಗಳನ್ನು ನಡೆಸಲಾಗದು.

ಕನ್ನಡದವರಾದ ನಾವೂ ಈ ಮಾತನ್ನು ಕೇಳಿಸಿಕೊಳ್ಳಬೇಕು. ರಾಜ್ಯ ತನ್ನ ಆಡಳಿತ ಭಾಷಾ ಕಾಯ್ದೆ ಮಾಡಿದ್ದೂ 1963ರಲ್ಲೇ. ನಾಡಕಚೇರಿಯಲ್ಲಿ ಇಂದು ಕನ್ನಡವೇ ಇದೆ. ಆದರೆ ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಮೇಲ್ಕಂಡ ಉಲ್ಲೇಖದನ್ವಯ’ ಎಂದು ಶುರುವಾಗುವ ನೋಟಿಸನ್ನು ಹಿಡಿದು ಬ್ಯಾಂಕಿಗೆ ಬಂದು, ಇದರಲ್ಲಿ ಏನು ಬರೆದದ ಓದಿ ಹೇಳ್ರಿ ಎಂದ ರೈತರು ಎಷ್ಟೋ ಜನ. ಲಂಬಾಣಿ ತಾಂಡಾದಿಂದ ಬಂದ ಹೆಂಗಸಿಗೆ ನಮ್ಮ ಕನ್ನಡವೂ ಕೌಂಟರಿನಾಚೆಯ ಭಾಷೆಯೇ.

ನಾನು ಕೇಳುವುದು ಸಣ್ಣದು. ಆ ತ್ರೈಮಾಸಿಕ ವರದಿಗೆ ಇನ್ನೊಂದು ಕಾಲಂ ಸೇರಲಿ: ಈ ಶಾಖೆಯ ಕೌಂಟರಿನಲ್ಲಿ ಕೂರುವವರಲ್ಲಿ ಊರಿನ ಮಾತು ಎಷ್ಟು ಜನಕ್ಕೆ ಬರುತ್ತದೆ? ಬಾರದಿದ್ದರೆ ಕಲಿಸಲು ಏನು ಮಾಡಿದ್ದೀರಿ? ಹಿಂದಿ ಪರೀಕ್ಷೆಗೆ ಕೊಡುವ ಬಹುಮಾನ ಕನ್ನಡಕ್ಕೂ, ತಾಂಡಾ ಇರುವಲ್ಲಿ ಲಂಬಾಣಿಗೂ ಸಿಗಲಿ.

ಹುಡುಗನ ಮದುವೆಗೆ ಎರಡು ರಾತ್ರಿ ರೈಲಿನಲ್ಲಿ ಕಳೆದು ದರಭಂಗಾಕ್ಕೆ ಹೋಗಿದ್ದೆ. ಅವನ ತಾಯಿಗೆ ಬರುವುದು ಮೈಥಿಲಿ. 2003ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿದ ಭಾಷೆ ಅದು, ಅಲ್ಲಿ ಕನ್ನಡದ ಜೊತೆಗೇ ಇದೆ. ಆದರೆ ಬಿಹಾರದ ರಾಜಭಾಷೆ ಹಿಂದಿ, ಎರಡನೆಯದು ಉರ್ದು. ಮದುವೆಯ ಮಾರನೆಯ ದಿನ ಆಕೆಯ ಜೊತೆ ಬ್ಯಾಂಕಿಗೆ ಹೋದೆವು. ಕೌಂಟರಿನಲ್ಲಿ ಕೂತಿದ್ದವರು ರಾಜಸ್ಥಾನದ ಕಡೆಯವರು. ಆಕೆ ಮೈಥಿಲಿಯಲ್ಲಿ ಏನೋ ಕೇಳಿದರು, ಅವರು ಹಿಂದಿಯಲ್ಲಿ ವೇಗವಾಗಿ ಉತ್ತರ ಕೊಟ್ಟು ಮುಂದಿನವರನ್ನು ಕರೆದರು. ಆಕೆ ತಿರುಗಿ ಮಗನ ಮುಖ ನೋಡಿದರು. ಮಗ ನನ್ನ ಮುಖ ನೋಡಿದ. ಆಮೇಲೆ ತಾಯಿಯ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದ. ಆಕೆ ತಲೆಯಾಡಿಸಿ, ಶಾಯಿಯ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿದರು.